ಚಂಡಮಾರುತ ಎಲ್ಲಿದೆ ಅಂತ ಗೊತ್ತಿತ್ತು. ಆಮೇಲೆ?

ಭಾಗ 1/8

ಎರಡು ಚಂಡಮಾರುತಗಳನ್ನ ಪಕ್ಕ ಪಕ್ಕ ಇಟ್ಟು ನೋಡೋಣ.

ಮೊದಲನೇದು 1999ರ ಅಕ್ಟೋಬರ್ 29ರದ್ದು. ಒಡಿಶಾದ ಪಾರಾದೀಪ್ ಹತ್ತಿರ ದಡ ಮುಟ್ಟಿತು. ಗಾಳಿಯ ವೇಗ ಗಂಟೆಗೆ ಸುಮಾರು 260 ಕಿ.ಮೀ. ಸತ್ತವರು ಸರ್ಕಾರಿ ಲೆಕ್ಕದಲ್ಲೇ 10,000ದ ಹತ್ತಿರ.

ಎರಡನೇದು 2013ರ ಅಕ್ಟೋಬರ್ 12ರದ್ದು. ಅದೇ ಒಡಿಶಾ, ಈ ಸಲ ಗೋಪಾಲ್‌ಪುರದ ಹತ್ತಿರ. ಹೆಸರು ಫೈಲಿನ್. ಗಾಳಿ ಗಂಟೆಗೆ 200 ಕಿ.ಮೀ.ಗಿಂತ ಜಾಸ್ತಿ. ಒಡಿಶಾದಲ್ಲಿ ಸತ್ತವರು 50ಕ್ಕಿಂತ ಕಡಿಮೆ.

ಮೊದಲನೇದು ಬಂದಾಗ ನಮ್ಮಲ್ಲಿ ಹೆಚ್ಚಿನವರು ಹುಟ್ಟೇ ಇರಲಿಲ್ಲ. ಎರಡನೇದು ಬಂದಾಗ ಪ್ರೈಮರಿ ಸ್ಕೂಲಲ್ಲಿ ಇದ್ವಿ. ನಡುವೆ ಇರೋದು ಬರೀ 14 ವರ್ಷ. ಫೈಲಿನ್ ಸ್ವಲ್ಪ ದುರ್ಬಲ ಆಗಿತ್ತು, ಬಂದ ಜಾಗ ಬೇರೆ, ಅದನ್ನೂ ಲೆಕ್ಕಕ್ಕೆ ತಗೋಬೇಕು. ಆದ್ರೂ ಅದು ಇನ್ನೂರು ಪಟ್ಟು ದುರ್ಬಲ ಅಂತೂ ಆಗಿರಲಿಲ್ಲ. ಹಾಗಾದ್ರೆ ಇಷ್ಟು ವ್ಯತ್ಯಾಸ ಹೇಗೆ ಬಂತು?

"ಟೆಕ್ನಾಲಜಿ ಬೆಳೀತು, ಉಪಗ್ರಹ ಬಂತು" ಅಂತ ಥಟ್ಟನೆ ಹೇಳಿಬಿಡಬಹುದು. ಆ ಉತ್ತರ ಅರ್ಧ ಮಾತ್ರ ಸರಿ. ಯಾಕಂದ್ರೆ 1999ರಲ್ಲೂ ಉಪಗ್ರಹ ಇತ್ತು. ಚಂಡಮಾರುತ ಬರ್ತಿದೆ ಅಂತ ಅವತ್ತೂ ಗೊತ್ತಿತ್ತು. ಎಚ್ಚರಿಕೆನೂ ಹೊರಟಿತ್ತು.

ಸಮುದ್ರದ ಮೇಲಿನ ಬಿರುಗಾಳಿಯನ್ನ ಮನುಷ್ಯ ಹಿಂಬಾಲಿಸೋಕೆ ಕಲಿತ ಕಥೆ ಸುಮಾರು 180 ವರ್ಷದ್ದು. ಅದರ ದೊಡ್ಡ ಭಾಗ ನಡೆದಿರೋದು ನಮ್ಮ ಬಂಗಾಳ ಕೊಲ್ಲಿಯಲ್ಲೇ. ಎಂಟು ಕ್ಯಾಪ್ಶನ್‌ಗಳಲ್ಲಿ ಅದನ್ನ ಹೇಳ್ತೀನಿ. ಓದ್ತಾ ಓದ್ತಾ ಒಂದು ಪ್ರಶ್ನೆ ಮನಸ್ಸಲ್ಲಿ ಇಟ್ಕೊಂಡಿರಿ: ಗೊತ್ತಾದ ವಿಷಯ ಯಾರಿಗೆ ತಲುಪ್ತು?

ಭಾಗ 2/8

ನಾವು ಸಲೀಸಾಗಿ ಹೇಳೋ "ಸೈಕ್ಲೋನ್" ಅನ್ನೋ ಪದ ಹುಟ್ಟಿದ್ದು ಲಂಡನ್‌ನಲ್ಲೂ ಅಲ್ಲ, ನ್ಯೂಯಾರ್ಕಲ್ಲೂ ಅಲ್ಲ. ಕಲ್ಕತ್ತಾದಲ್ಲಿ.

ಹೆನ್ರಿ ಪಿಡಿಂಗ್ಟನ್ ಅಂತ ಒಬ್ಬ ಇಂಗ್ಲಿಷ್ ಮನುಷ್ಯ. ಮೊದಲು ಹಡಗಿನ ಕ್ಯಾಪ್ಟನ್, ಆಮೇಲೆ ಕಲ್ಕತ್ತಾದಲ್ಲಿ ನೆಲೆ ನಿಂತವನು. ಬಿರುಗಾಳಿಗೆ ಸಿಕ್ಕಿ ಬಂದ ಹಡಗುಗಳ ಲಾಗ್‌ಬುಕ್ ಸಂಗ್ರಹಿಸೋದು ಅವನ ಹುಚ್ಚು. ಯಾವ ಹಡಗು, ಎಷ್ಟು ಗಂಟೆಗೆ, ಎಲ್ಲಿತ್ತು, ಗಾಳಿ ಯಾವ ದಿಕ್ಕಿಂದ ಬೀಸ್ತಿತ್ತು, ಎಲ್ಲಾನೂ ನಕ್ಷೆ ಮೇಲೆ ಗುರುತು ಹಾಕ್ತಿದ್ದ. ಹತ್ತಾರು ಹಡಗುಗಳ ಗುರುತು ಸೇರಿದಾಗ ಗಾಳಿ ಸುರುಳಿ ಸುತ್ತೋದು ಕಾಣಿಸ್ತಿತ್ತು. ಹಾವು ಸುರುಳಿ ಸುತ್ತಿಕೊಂಡ ಹಾಗೆ. ಗ್ರೀಕ್ ಭಾಷೆಯ ಅದೇ ಅರ್ಥದ ಪದದಿಂದ ಅವನು "ಸೈಕ್ಲೋನ್" ಅನ್ನೋ ಹೆಸರು ಮಾಡಿದ. 1848ರಲ್ಲಿ ನಾವಿಕರಿಗಾಗಿ ಒಂದು ಪುಸ್ತಕನೂ ಬರೆದ. ಅದರ ಜೊತೆ ಕೊಂಬಿನಿಂದ ಮಾಡಿದ ಪಾರದರ್ಶಕ ಕಾರ್ಡುಗಳು ಬರ್ತಿದ್ವು. ನಕ್ಷೆ ಮೇಲೆ ಇಟ್ಟು ಜರುಗಿಸಿದ್ರೆ ಬಿರುಗಾಳಿಯ ಕೇಂದ್ರ ಎಲ್ಲಿರಬಹುದು ಅಂತ ಅಂದಾಜು ಸಿಗ್ತಿತ್ತು.

ಇದರ ಹಿಂದಿನ ಲಾಜಿಕ್ ಸಿಂಪಲ್. ಭೂಮಿಯ ಉತ್ತರಾರ್ಧದಲ್ಲಿ ಚಂಡಮಾರುತ ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಲ್ಲಿ ತಿರುಗುತ್ತೆ. ಗಾಳಿಗೆ ಮುಖ ಕೊಟ್ಟು ನಿಂತ್ರೆ ಅದರ ಕೇಂದ್ರ ಹೆಚ್ಚುಕಮ್ಮಿ ನಿಮ್ಮ ಬಲಗೈ ಕಡೆ ಇರುತ್ತೆ. ಉಪಗ್ರಹ ಇಲ್ಲ, ರೇಡಿಯೋ ಇಲ್ಲ, ಬರೀ ಗಾಳಿಯ ದಿಕ್ಕು ಮತ್ತೆ ವಾಯುಭಾರ ಮಾಪಕದ ಇಳಿಕೆ ನೋಡಿ ಕ್ಯಾಪ್ಟನ್ ಹಡಗನ್ನ ಬೇರೆ ಕಡೆ ತಿರುಗಿಸಬಹುದಿತ್ತು.

ಆದ್ರೆ ಇದರಲ್ಲಿ ಒಂದು ಕೊರತೆ ಇತ್ತು. ಪಿಡಿಂಗ್ಟನ್ ಬರೆದ ನಕ್ಷೆಗಳೆಲ್ಲ ಬಿರುಗಾಳಿ ಬಂದು ಹೋದ ಮೇಲಿನವು. ಹಡಗು ಬಂದರಿಗೆ ವಾಪಸ್ ಬಂದ್ರೆ ತಾನೆ ಲಾಗ್‌ಬುಕ್ ಸಿಗೋದು? ಬರ್ತಾ ಇರೋ ಬಿರುಗಾಳಿಯನ್ನ, ಅದು ಬರೋ ಮುಂಚೆ ದಡದಲ್ಲಿ ಇರೋರಿಗೆ ಹೇಳೋ ದಾರಿ ಇನ್ನೂ ಇರಲಿಲ್ಲ.

ಭಾಗ 3/8

ಬಿಕಾಂ ಗೆಳೆಯರೇ, ಇದು ನಮ್ಮ ಸಿಲಬಸ್ಸಿಗೆ ಸೇರಬೇಕಾದ ಕಥೆ.

ಹೂಗ್ಲಿ ನದಿಯಲ್ಲಿ ಹೂಳು ತುಂಬ್ತಿದೆ, ಕಲ್ಕತ್ತಾಗೆ ಪರ್ಯಾಯ ಬಂದರು ಬೇಕು ಅಂತ ಆಗಿನ ಸರ್ಕಾರ ಸುಂದರಬನದ ಅಂಚಲ್ಲಿ, ಮಾತ್ಲಾ ನದಿ ದಡದಲ್ಲಿ, ಜಾಗ ನೋಡಿತು. 1853ರಲ್ಲಿ ಪಿಡಿಂಗ್ಟನ್ ನೇರವಾಗಿ ಗವರ್ನರ್ ಜನರಲ್ ಡಾಲ್‌ಹೌಸಿಗೆ ಪತ್ರ ಬರೆದ. ಚಂಡಮಾರುತದ ಜೊತೆ ಸಮುದ್ರದ ನೀರು ಗೋಡೆ ಥರ ಎದ್ದು ಬರುತ್ತೆ, ಅಲ್ಲಿ ಊರು ಕಟ್ಟಬೇಡಿ ಅನ್ನೋದು ಅದರ ತಿರುಳು. ಯಾರೂ ಕೇಳಲಿಲ್ಲ. ಪಿಡಿಂಗ್ಟನ್ 1858ರಲ್ಲಿ ತೀರಿಹೋದ. ಪೋರ್ಟ್ ಕ್ಯಾನಿಂಗ್ ಎದ್ದು ನಿಂತಿತು. ಅದಕ್ಕಾಗಿ ಹುಟ್ಟಿದ ಕಂಪನಿಯ ಶೇರಿಗೆ 1865ರ ಸುಮಾರಿಗೆ ದೂರದ ಬಾಂಬೆಯಲ್ಲೂ ಜನ ಮುಗಿಬಿದ್ರು. 1867ರ ನವೆಂಬರ್‌ನಲ್ಲಿ ಒಂದು ಚಂಡಮಾರುತ ಬಂತು. ಬಂದರು ಹಾಳಾಯ್ತು, ಕೆಲವೇ ವರ್ಷದಲ್ಲಿ ಅದನ್ನ ಕೈಬಿಟ್ರು. ಪತ್ರ ಬರೆದು ಆಗಲೇ 14 ವರ್ಷ ಆಗಿತ್ತು.

ಅದಕ್ಕೂ ಮುಂಚೆ ಇನ್ನೂ ಘೋರವಾದದ್ದು ನಡೆದಿತ್ತು. 1864ರ ಅಕ್ಟೋಬರ್ 5ರಂದು ಕಲ್ಕತ್ತಾಗೆ ಚಂಡಮಾರುತ ಹೊಡೆದು ಸುಮಾರು 60,000 ಜನ ಸತ್ತರು. ಆಮೇಲೆ ಸರ್ಕಾರ ಎಚ್ಚೆತ್ತಿತು. 1865ರಲ್ಲಿ ಕಲ್ಕತ್ತಾ ಬಂದರಿಗೆ ಬಿರುಗಾಳಿ ಎಚ್ಚರಿಕೆ ಕೊಡೋ ವ್ಯವಸ್ಥೆ ಶುರುವಾಯ್ತು. 1875ರಲ್ಲಿ ಭಾರತ ಹವಾಮಾನ ಇಲಾಖೆ ಹುಟ್ಟಿತು. ಹೆನ್ರಿ ಬ್ಲ್ಯಾನ್‌ಫೋರ್ಡ್ ಅದರ ಮೊದಲ ಮುಖ್ಯಸ್ಥ.

ಇದೆಲ್ಲಾ ಸಾಧ್ಯ ಆಗಿದ್ದು ಟೆಲಿಗ್ರಾಫಿಂದ. ಸುದ್ದಿ ಮೊದಲ ಸಲ ಗಾಳಿಗಿಂತ ಜೋರಾಗಿ ಓಡೋಕೆ ಶುರು ಮಾಡ್ತು. ತಂತಿ ಬಂದ ಕೂಡಲೇ ಬಂದರಲ್ಲಿ ಕಂಬಕ್ಕೆ ಎಚ್ಚರಿಕೆಯ ಗುರುತು ಏರಿಸ್ತಿದ್ರು. ಈಗಲೂ ನಮ್ಮ ಬಂದರುಗಳಲ್ಲಿ 1ರಿಂದ 11ರವರೆಗೆ ಸಿಗ್ನಲ್ ನಂಬರ್ ಇದೆ.

ಒಂದ್ ನಿಮಿಷ ಯೋಚನೆ ಮಾಡಿ. ಕಂಬದ ಮೇಲಿನ ಆ ಗುರುತು ಯಾರಿಗೆ ಕಾಣಿಸುತ್ತೆ? ಹಡಗಿನವರಿಗೆ. ಹಡಗಿನ ಮಾಲೀಕರಿಗೆ, ಸರಕಿನ ವ್ಯಾಪಾರಿಗಳಿಗೆ. ಒಳಗಿನ ಹಳ್ಳಿಯ ಗುಡಿಸಲಲ್ಲಿ ಇರೋರಿಗೆ ಅದು ಕಾಣಿಸೋದಿಲ್ಲ.

ಭಾಗ 4/8

ಈಗ ನೂರು ವರ್ಷ ಮುಂದಕ್ಕೆ ಬರೋಣ. 1960ರ ಏಪ್ರಿಲ್ 1ರಂದು ಅಮೆರಿಕ ಟೈರೋಸ್-1 ಅನ್ನೋ ಹವಾಮಾನ ಉಪಗ್ರಹ ಹಾರಿಸಿತು. ಅಲ್ಲೀವರೆಗೆ ಸಮುದ್ರದ ಮಧ್ಯೆ ಹಡಗು ಇಲ್ಲದ ಕಡೆ ಬಿರುಗಾಳಿ ಹುಟ್ಟಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಈಗ ಮೇಲಿಂದ ಫೋಟೋ ಬಂತು. ಪಿಡಿಂಗ್ಟನ್ ಲಾಗ್‌ಬುಕ್ ಜೋಡಿಸಿ ಊಹಿಸಿದ್ದ ಸುರುಳಿ ಕಣ್ಣಿಗೇ ಕಾಣಿಸ್ತು.

ಆದ್ರೆ ಫೋಟೋದಲ್ಲಿ ಗಾಳಿಯ ವೇಗ ಬರೆದಿರಲ್ವಲ್ಲ? ಅದಕ್ಕೆ 1970ರ ದಶಕದಲ್ಲಿ ವರ್ನನ್ ಡ್ವೊರಾಕ್ ಅನ್ನೋ ಅಮೆರಿಕದ ವಿಜ್ಞಾನಿ ಒಂದು ದಾರಿ ಕಂಡುಹಿಡಿದ. ಮೋಡ ಎಷ್ಟು ಸುತ್ತಿಕೊಂಡಿದೆ, ಮಧ್ಯೆ ಕಣ್ಣು ಮೂಡಿದೆಯಾ, ಎಷ್ಟು ಸ್ಪಷ್ಟ ಇದೆ ಅಂತ ನೋಡಿ 1ರಿಂದ 8ರವರೆಗೆ ಒಂದು ಅಂಕ ಕೊಡೋದು. ಆ ಅಂಕದಿಂದ ಗಾಳಿಯ ವೇಗ ಅಂದಾಜು ಮಾಡೋದು. ಇವತ್ತಿಗೂ ಈ ವಿಧಾನ ಬಳಕೆಯಲ್ಲಿದೆ. ದಡದ ಹತ್ತಿರ ಬಂದ ಮೇಲೆ ರಾಡಾರ್ ಕೆಲಸ ಶುರು. ನಮ್ಮ ಪೂರ್ವ ಕರಾವಳಿಯಲ್ಲಿ ವಿಶಾಖಪಟ್ಟಣದಿಂದ ಶುರುವಾಗಿ ಒಂದೊಂದೇ ರಾಡಾರ್ ನಿಂತವು.

ಆಕಾಶದಲ್ಲಿ ಕಣ್ಣು ಬಂದ ಮೇಲೆ ಜನ ಉಳಿದ್ರಾ? 1970ರ ನವೆಂಬರ್ 12ರ ರಾತ್ರಿ ನೋಡಿ. ಆಗಿನ ಪೂರ್ವ ಪಾಕಿಸ್ತಾನ, ಇವತ್ತಿನ ಬಾಂಗ್ಲಾದೇಶ. ಭೋಲಾ ದ್ವೀಪದ ಸುತ್ತಮುತ್ತ ಸಮುದ್ರದ ಉಬ್ಬರದ ಹೊತ್ತಿಗೇ ಸರಿಯಾಗಿ ಚಂಡಮಾರುತ ಅಪ್ಪಳಿಸಿತು. ಸತ್ತವರು 3 ಲಕ್ಷದಿಂದ 5 ಲಕ್ಷ ಅಂತ ಅಂದಾಜು. ದಾಖಲೆಯಲ್ಲಿರೋ ಚಂಡಮಾರುತಗಳಲ್ಲೇ ಅತಿ ಹೆಚ್ಚು ಜೀವ ತೆಗೆದದ್ದು ಇದೇ.

ಆ ಚಂಡಮಾರುತವನ್ನ ಉಪಗ್ರಹ ನೋಡಿತ್ತು. ರೇಡಿಯೋದಲ್ಲಿ ಎಚ್ಚರಿಕೆ ಬಂದಿತ್ತು. ಆಮೇಲೆ ನಡೆದ ಸಮೀಕ್ಷೆಯಲ್ಲಿ ತಿಳಿದದ್ದು ಏನಂದ್ರೆ, ಹೆಚ್ಚಿನ ಜನಕ್ಕೆ ಬಿರುಗಾಳಿ ಬರ್ತಿದೆ ಅಂತ ಗೊತ್ತಿತ್ತು, ಆದ್ರೆ ಗಟ್ಟಿ ಕಟ್ಟಡಕ್ಕೆ ಹೋದವರು ತೀರಾ ಕಡಿಮೆ.

"ಜನ ಮಾತು ಕೇಳಲ್ಲ" ಅಂತ ತೀರ್ಪು ಕೊಡೋ ಮುಂಚೆ ನೀವೇ ಆ ದ್ವೀಪದಲ್ಲಿ ಇದ್ದೀರಿ ಅಂದ್ಕೊಳ್ಳಿ. ರಾತ್ರಿ. ಸುತ್ತ ನೀರು. ನೆಲ ಸಮುದ್ರಕ್ಕಿಂತ ಒಂದಿಷ್ಟೇ ಎತ್ತರ. ಕೈಗೆಟುಕೋ ದೂರದಲ್ಲಿ ಕಾಂಕ್ರೀಟ್ ಕಟ್ಟಡ ಇಲ್ಲ. ರೇಡಿಯೋ "ಅಪಾಯ" ಅಂತು. ಸರಿ, ಹೋಗೋದು ಎಲ್ಲಿಗೆ?

ಭಾಗ 5/8

1999ರ ಅಕ್ಟೋಬರ್. ಆ ತಿಂಗಳ ಮಧ್ಯದಲ್ಲೇ ಗೋಪಾಲ್‌ಪುರದ ಹತ್ತಿರ ಒಂದು ಚಂಡಮಾರುತ ಹೊಡೆದು ಒಡಿಶಾ ಇನ್ನೂ ಸುಧಾರಿಸಿಕೊಳ್ತಿತ್ತು. 25ನೇ ತಾರೀಕು ಅಂಡಮಾನ್ ಕಡೆ ಸಮುದ್ರದಲ್ಲಿ ಇನ್ನೊಂದು ವಾಯುಭಾರ ಕುಸಿತ ಕಾಣಿಸ್ತು. 26ಕ್ಕೆ ಅದು ಚಂಡಮಾರುತ. 28ಕ್ಕೆ ಸೂಪರ್ ಸೈಕ್ಲೋನ್. ಡ್ವೊರಾಕ್ ಅಂಕ 7. 29ರ ಬೆಳಗ್ಗೆ, ಮಧ್ಯಾಹ್ನಕ್ಕೆ ಮುಂಚೆ, ಪಾರಾದೀಪ್ ಹತ್ತಿರ ದಡ ಮುಟ್ಟಿತು. ಅದಕ್ಕೆ ಹೆಸರಿರಲಿಲ್ಲ. ನಮ್ಮ ಭಾಗದ ಸಮುದ್ರದಲ್ಲಿ ಚಂಡಮಾರುತಕ್ಕೆ ಹೆಸರಿಡೋ ಪದ್ಧತಿ ಶುರುವಾಗಿದ್ದೇ 2004ರಲ್ಲಿ.

ದಡ ಮುಟ್ಟಿದ ಮೇಲೆ ಚಂಡಮಾರುತ ಸಾಮಾನ್ಯವಾಗಿ ಒಳನಾಡಿಗೆ ನುಗ್ಗಿ ಬೇಗ ಸುಸ್ತಾಗುತ್ತೆ. ಇದು ಹಾಗೆ ಮಾಡಲಿಲ್ಲ. ಕರಾವಳಿಯ ಹತ್ತಿರವೇ ನಿಂತುಬಿಡ್ತು. ಗಾಳಿ, ಮಳೆ ನಿಲ್ಲಲೇ ಇಲ್ಲ. ಕರೆಂಟ್ ಹೋಯ್ತು, ಫೋನ್ ಸತ್ತಿತು, ರಸ್ತೆ ಮೇಲೆಲ್ಲ ಮರ. ಯಾವ ಊರಲ್ಲಿ ಏನಾಗಿದೆ ಅಂತ ರಾಜಧಾನಿ ಭುವನೇಶ್ವರಕ್ಕೇ ಗೊತ್ತಾಗಲಿಲ್ಲ. ಅದೂ ಗಾಳಿಗೆ ಸಿಕ್ಕಿತ್ತು.

ಹೆಚ್ಚು ಜನರನ್ನ ಕೊಂದಿದ್ದು ಗಾಳಿ ಅಲ್ಲ, ನೀರು. ಗಾಳಿ ಸಮುದ್ರವನ್ನ ದಡದ ಮೇಲೆ ತಳ್ಳುತ್ತೆ. ಬಂಗಾಳ ಕೊಲ್ಲಿಯ ತುದಿ ಲಾಳಿಕೆ ಥರ ಕಿರಿದು, ಆಳನೂ ಕಡಿಮೆ. ಬಂದ ನೀರಿಗೆ ಹರಡೋಕೆ ಜಾಗ ಇಲ್ಲದೆ ಮೇಲೇಳುತ್ತೆ. ಅವತ್ತು ಅದು 5ರಿಂದ 6 ಮೀಟರ್ ಎದ್ದಿತು ಅಂತ ಅಂದಾಜು. ಅಂದ್ರೆ ಎರಡಂತಸ್ತಿನ ಮನೆಯಷ್ಟು. ಜಗತ್‌ಸಿಂಗ್‌ಪುರ ಜಿಲ್ಲೆ ಒಂದರಲ್ಲೇ 8,000ಕ್ಕೂ ಹೆಚ್ಚು ಜನ ಸತ್ತರು. ಅದರಲ್ಲೂ ಎರಸಮಾ ಭಾಗದಲ್ಲಿ ಅತಿ ಹೆಚ್ಚು. ಮಣ್ಣಿನ ಗೋಡೆ, ಹುಲ್ಲಿನ ಸೂರು. ಆಗ ಒಡಿಶಾದ ಕರಾವಳಿಗೆಲ್ಲ ಸೇರಿ ಇದ್ದ ಚಂಡಮಾರುತ ಆಶ್ರಯ ಕಟ್ಟಡಗಳು ಇಪ್ಪತ್ತರ ಆಸುಪಾಸು ಅಷ್ಟೇ.

ವರ್ಷಗಳ ನಂತರ ಇಬ್ಬರು ಅರ್ಥಶಾಸ್ತ್ರಜ್ಞರು, ಸೌದಾಮಿನಿ ದಾಸ್ ಮತ್ತು ಜೆಫ್ರಿ ವಿನ್ಸೆಂಟ್, ಪಕ್ಕದ ಕೇಂದ್ರಪಾಡಾ ಜಿಲ್ಲೆಯ ಹಳ್ಳಿಗಳ ಲೆಕ್ಕ ತೆಗೆದ್ರು. ಸಮುದ್ರಕ್ಕೂ ಊರಿಗೂ ನಡುವೆ ಅಗಲವಾದ ಕಾಂಡ್ಲಾ ಕಾಡು ಇದ್ದ ಕಡೆ ಸಾವು ಕಡಿಮೆ. ಆದ್ರೆ ಕಾಡಿಗಿಂತಲೂ ಹೆಚ್ಚು ಜೀವ ಉಳಿಸಿದ್ದು ಸರ್ಕಾರದ ಮುನ್ನೆಚ್ಚರಿಕೆ. ಇದನ್ನ ಎರಡು ಸಲ ಓದಿ. ಅಷ್ಟೊಂದು ಜನ ಸತ್ತ ಆ ದಿನವೂ ಎಚ್ಚರಿಕೆ ತಲುಪಿದ ಕಡೆ ಅದು ಕೆಲಸ ಮಾಡಿತ್ತು.

ಭಾಗ 6/8

1999ರ ಡಿಸೆಂಬರ್ 28ಕ್ಕೆ, ಅಂದ್ರೆ ಎರಡೇ ತಿಂಗಳಲ್ಲಿ, ಒಡಿಶಾ ತನ್ನದೇ ವಿಪತ್ತು ನಿರ್ವಹಣಾ ಪ್ರಾಧಿಕಾರ ಕಟ್ಟಿತು. ದೇಶಕ್ಕೆ ಇಂಥ ರಾಷ್ಟ್ರೀಯ ಕಾಯ್ದೆ ಬಂದಿದ್ದು 2005ರಲ್ಲಿ.

ಅವರು ಮಾಡಿದ ಕೆಲಸ ನೋಡಿದ್ರೆ ಸಿನಿಮಾ ಥರ ರೋಮಾಂಚನ ಏನಿಲ್ಲ. ಕಂಬದ ಮೇಲೆ ಎತ್ತರಿಸಿದ ಕಾಂಕ್ರೀಟ್ ಆಶ್ರಯ ಕಟ್ಟಡಗಳು. ಬೇರೆ ದಿನ ಎಷ್ಟೋ ಕಡೆ ಅದರಲ್ಲೇ ಶಾಲೆ ನಡೆಯುತ್ತೆ, ಹಾಗಾಗಿ ಬೀಗ ಹಾಕಿ ಧೂಳು ಹಿಡಿಯಲ್ಲ, ಊರಿನ ಮಕ್ಕಳಿಗೂ ದಾರಿ ಗೊತ್ತಿರುತ್ತೆ. ಆಶ್ರಯಕ್ಕೆ ಹೋಗೋ ರಸ್ತೆ. ಅದನ್ನ ನೋಡಿಕೊಳ್ಳೋಕೆ ಊರಿನವರದ್ದೇ ಸಮಿತಿ. ಯಾರು ಮೈಕ್ ಹಿಡೀಬೇಕು, ಯಾರು ವಯಸ್ಸಾದವರನ್ನ ಎತ್ಕೊಂಡು ಬರಬೇಕು, ಗರ್ಭಿಣಿಯರು ಯಾವ ಮನೆಯಲ್ಲಿದ್ದಾರೆ, ಇಂಥ ಪಟ್ಟಿಗಳು. ವರ್ಷಕ್ಕೆ ಅಣಕು ತಾಲೀಮು.

ಬಾಂಗ್ಲಾದೇಶ ಇದೇ ಪಾಠವನ್ನ ಮುಂಚೆನೇ ಕಲಿತಿತ್ತು. ಭೋಲಾ ದುರಂತದ ನಂತರ, 1970ರ ದಶಕದ ಮೊದಲಲ್ಲೇ, ಅಲ್ಲಿ ರೆಡ್‌ಕ್ರಾಸ್ ನೆರವಿಂದ ಸ್ವಯಂಸೇವಕರ ಪಡೆ ಹುಟ್ಟಿತು. ಅವರ ಉಪಕರಣ ಒಂದು ಮೆಗಾಫೋನ್, ಒಂದು ರೇಡಿಯೋ, ಒಂದಿಷ್ಟು ಬಾವುಟ. ಸೈಕಲ್ಲಲ್ಲಿ ಮನೆ ಮನೆಗೆ ಹೋಗಿ ಹೇಳೋದು. ರೇಡಿಯೋದಲ್ಲಿ ಯಾರೋ ಹೇಳೋದಕ್ಕೂ ಪಕ್ಕದ ಮನೆ ಹುಡುಗ ಬಾಗಿಲು ಬಡಿದು "ಅಜ್ಜಿ, ಏಳಿ, ಹೋಗೋಣ" ಅನ್ನೋದಕ್ಕೂ ಇರೋ ವ್ಯತ್ಯಾಸ ನಿಮಗೂ ಗೊತ್ತು.

ಹಾಗಂತ ಆಕಾಶದ ಕಡೆ ಕೆಲಸ ನಿಂತಿರಲಿಲ್ಲ. 2002ರಲ್ಲಿ ಇಸ್ರೋ ಹವಾಮಾನಕ್ಕೆಂದೇ ಒಂದು ಉಪಗ್ರಹ ಹಾರಿಸಿತು, ಮುಂದೆ ಅದಕ್ಕೆ ಕಲ್ಪನಾ-1 ಅಂತ ಹೆಸರಾಯ್ತು. 2013ರ ಜುಲೈನಲ್ಲಿ ಇನ್ಸಾಟ್-3ಡಿ ಹೋಯ್ತು. ಈ ಉಪಗ್ರಹಗಳನ್ನ ನಿಯಂತ್ರಿಸೋ ಕೇಂದ್ರ ಇರೋದು ನಮ್ಮ ಹಾಸನದಲ್ಲಿ. ಕರಾವಳಿಯಲ್ಲಿ ಡಾಪ್ಲರ್ ರಾಡಾರ್‌ಗಳು ಬಂದವು. ಇವು ಮೋಡ ಎಲ್ಲಿದೆ ಅಂತ ಮಾತ್ರ ಅಲ್ಲ, ಒಳಗಿನ ಗಾಳಿ ಯಾವ ವೇಗದಲ್ಲಿ ಹತ್ತಿರ ಬರ್ತಿದೆ ಅಂತಾನೂ ಹೇಳ್ತವೆ. ಕಂಪ್ಯೂಟರ್ ಮಾದರಿಗಳು ಸುಧಾರಿಸಿದವು. ಹಳ್ಳಿ ಹಳ್ಳಿಗೂ ಮೊಬೈಲ್ ಬಂತು.

ಅಂದ್ರೆ ಮೇಲಿಂದ ನೋಡೋ ಕಣ್ಣೂ ಚುರುಕಾಯ್ತು, ಕೆಳಗೆ ನಡೆಯೋ ಕಾಲೂ ಸಿದ್ಧ ಆಯ್ತು. ಪರೀಕ್ಷೆ ಮಾತ್ರ ಬಾಕಿ ಇತ್ತು.

ಭಾಗ 7/8

2013ರ ಅಕ್ಟೋಬರ್. ಒಂದೊಂದೇ ದಿನ ನೋಡೋಣ.

8, ಮಂಗಳವಾರ: ಅಂಡಮಾನ್ ಸಮುದ್ರದಲ್ಲಿ ವಾಯುಭಾರ ಕುಸಿತ. ಇದು ಆಂಧ್ರ-ಒಡಿಶಾ ಕರಾವಳಿ ಕಡೆ ಹೋಗುತ್ತೆ ಅಂತ ಹವಾಮಾನ ಇಲಾಖೆ ಹೇಳಿತು. ಕೈಯಲ್ಲಿ ನಾಲ್ಕು ದಿನ ಇತ್ತು.

9, ಬುಧವಾರ: ಚಂಡಮಾರುತ ಆಯ್ತು. ಫೈಲಿನ್ ಅಂತ ಹೆಸರು. ಥಾಯ್ ಭಾಷೆಯಲ್ಲಿ ನೀಲಮಣಿ ಅಂತ ಅರ್ಥ.

10, ಗುರುವಾರ: ಒಂದೇ ದಿನದಲ್ಲಿ ಅತಿ ತೀವ್ರ. ಒಡಿಶಾದಲ್ಲಿ ದುರ್ಗಾಪೂಜೆಯ ಸಡಗರ. ಸರ್ಕಾರಿ ನೌಕರರ ಹಬ್ಬದ ರಜೆ ರದ್ದಾಯ್ತು.

11, ಶುಕ್ರವಾರ: ಜನರನ್ನ ಸ್ಥಳಾಂತರಿಸೋ ಕೆಲಸ ಜೋರು. ಇದೇ ಹೊತ್ತಲ್ಲಿ ಒಂದು ಜಗಳನೂ ನಡೀತಿತ್ತು. ಕೆಲವು ವಿದೇಶಿ ಸಂಸ್ಥೆಗಳು, ತಜ್ಞರು ಇದು ಸೂಪರ್ ಸೈಕ್ಲೋನ್, ಭಾರತ ಕಡಿಮೆ ಅಂದಾಜು ಮಾಡ್ತಿದೆ ಅಂದ್ರು. ಇಲಾಖೆಯಲ್ಲಿ ಚಂಡಮಾರುತ ವಿಭಾಗ ನೋಡ್ತಿದ್ದವರು ಮೃತ್ಯುಂಜಯ ಮೊಹಾಪಾತ್ರ, ಅವರೂ ಒಡಿಶಾದವರೇ. ಇಲಾಖೆ ತನ್ನ ಲೆಕ್ಕ ಬದಲಿಸಲಿಲ್ಲ. ಕೊನೆಗೆ ದಡ ಮುಟ್ಟಿದಾಗ ಗಾಳಿ ಅವರು ಹೇಳಿದ ಮಟ್ಟದಲ್ಲೇ ಇತ್ತು.

12, ಶನಿವಾರ, ಅಷ್ಟಮಿ ರಾತ್ರಿ: ಗೋಪಾಲ್‌ಪುರದ ಹತ್ತಿರ ದಡಕ್ಕೆ ಬಂತು. ಅಷ್ಟೊತ್ತಿಗೆ ಒಡಿಶಾದಲ್ಲಿ ಹತ್ತಿರ ಹತ್ತಿರ 10 ಲಕ್ಷ ಜನ ಮನೆ ಬಿಟ್ಟು ಸುರಕ್ಷಿತ ಜಾಗ ಸೇರಿದ್ರು.

ಲಕ್ಷಾಂತರ ಮನೆ ಬಿದ್ವು. ಗಂಜಾಂ ಜಿಲ್ಲೆಯ ಬೆಳೆ ಮಲಗಿತು, ಆಮೇಲೆ ಪ್ರವಾಹನೂ ಬಂತು. ನಷ್ಟ ದೊಡ್ಡದೇ. ಜನ ಮಾತ್ರ ಉಳಿದ್ರು.

ಕಾಮರ್ಸ್ ಕಣ್ಣಲ್ಲಿ ಒಮ್ಮೆ ನೋಡಿ. 10 ಲಕ್ಷ ಜನರನ್ನ ಎಬ್ಬಿಸೋದು ಅಂದ್ರೆ ಬಸ್ಸು, ಅಕ್ಕಿ, ಅವಲಕ್ಕಿ, ನೀರು, ಕೆಲಸ ಬಿಟ್ಟ ದಿನದ ಕೂಲಿ. ಚಂಡಮಾರುತ ಬೇರೆ ಕಡೆ ತಿರುಗಿದ್ರೆ ಆ ಖರ್ಚೆಲ್ಲ ವೇಸ್ಟ್ ಅನಿಸುತ್ತೆ. ಅದಕ್ಕಿಂತ ದೊಡ್ಡ ನಷ್ಟ ನಂಬಿಕೆಯದ್ದು: ಮುಂದಿನ ಸಲ ಕರೆದ್ರೆ ಜನ ಬರಲ್ಲ. ಹಾಗಾಗಿ ಭಯದಿಂದ ಜಾಸ್ತಿ ಹೇಳೋದೂ ಅಪಾಯ, ಸಂಕೋಚದಿಂದ ಕಡಿಮೆ ಹೇಳೋದೂ ಅಪಾಯ. ನಿಖರವಾಗಿ ಹೇಳೋದರ ಬೆಲೆ ಇರೋದು ಇಲ್ಲಿ.

ಭಾಗ 8/8

ಮುಂದಿನ ಸಲ ಚಂಡಮಾರುತದ ನಕ್ಷೆ ನಿಮ್ಮ ಫೋನಿಗೆ ಬಂದಾಗ ಹೇಗೆ ಓದಬೇಕು ಅಂತ ಹೇಳಿ ಮುಗಿಸ್ತೀನಿ.

ಒಂದು: ನಕ್ಷೆಯಲ್ಲಿ ಮುಂದೆ ಹೋಗ್ತಾ ಅಗಲ ಆಗೋ ಕೋನ್ ಆಕಾರ ಇರುತ್ತಲ್ಲ, ಅದು ಚಂಡಮಾರುತದ ಗಾತ್ರ ಅಲ್ಲ. ಕೇಂದ್ರ ಎಲ್ಲೆಲ್ಲಿ ಹೋಗಬಹುದು ಅನ್ನೋ ಅನುಮಾನದ ಅಗಲ. ದಿನ ದೂರ ಆದಷ್ಟೂ ಅನುಮಾನ ಜಾಸ್ತಿ.

ಎರಡು: ಕೋನ್ ಹೊರಗೆ ಇದ್ದೀವಿ ಅಂದ್ರೆ ಸೇಫ್ ಅಂತಲ್ಲ. 2021ರ ಮೇ ತಿಂಗಳ ತೌಕ್ತೆ ನೆನಪಿದೆಯಾ? ಅದು ದಡ ಮುಟ್ಟಿದ್ದು ಗುಜರಾತಲ್ಲಿ, ಮೇ 17ಕ್ಕೆ. ಆದ್ರೆ ನಮ್ಮ ಕರಾವಳಿಗೆ ಸಮಾನಾಂತರವಾಗಿ ಹೋಗ್ತಾ ಉಳ್ಳಾಲ, ಉಡುಪಿ ಕಡೆಯ ಸಮುದ್ರದ ದಡದ ಮನೆಗಳನ್ನ ಅಲೆ ಬಡಿದು ಕೆಡವಿತ್ತು.

ಮೂರು: ಗಾಳಿಯ ವೇಗ ಒಂದನ್ನೇ ನೋಡಬೇಡಿ. ನೀರು ಎಷ್ಟು ಎತ್ತರ ಏರುತ್ತೆ, ಯಾವ ತಾಲೂಕುಗಳಿಗೆ ನುಗ್ಗಬಹುದು ಅಂತ ಬುಲೆಟಿನ್‌ನಲ್ಲಿ ಬರೆದಿರ್ತಾರೆ. ಅದನ್ನ ಓದಿ.

ನಾಲ್ಕು: ಫಾರ್ವರ್ಡ್ ಆಗಿ ಬಂದ ಸ್ಕ್ರೀನ್‌ಶಾಟ್‌ನಲ್ಲಿ ತಾರೀಕು, ಗಂಟೆ ಇದೆಯಾ ನೋಡಿ. ದಡಕ್ಕೆ ಹತ್ತಿರ ಬಂದ ಮೇಲೆ ಆರು ಗಂಟೆ ಹಳೆಯ ನಕ್ಷೆ ಅಂದ್ರೆ ಹಳಸಿದ ಅನ್ನ. ಹವಾಮಾನ ಇಲಾಖೆಯ ಪೇಜಿಗೇ ಹೋಗಿ ಹೊಸದನ್ನ ನೋಡಿ. ಸುಮ್ನೆ ಭಯ ಹಂಚಬೇಡಿ.

ಪಿಡಿಂಗ್ಟನ್ ಹತ್ರ ಇದ್ದಿದ್ದು ಕೊಂಬಿನ ಕಾರ್ಡು. ನಮ್ಮ ಹತ್ರ ನಿಮಿಷ ನಿಮಿಷಕ್ಕೂ ಬದಲಾಗೋ ಬಣ್ಣದ ನಕ್ಷೆ ಇದೆ. 1864, 1970, 1999, 2013, ಈ ನಾಲ್ಕು ಇಸವಿ ಪಕ್ಕ ಪಕ್ಕ ಇಟ್ಟಾಗ ನನಗೆ ಕಾಣೋದು ಇಷ್ಟು: ಚಂಡಮಾರುತದ ದಾರಿ ಹುಡುಕೋ ವಿದ್ಯೆ ಪ್ರತಿ ಸಲನೂ ಮುಂದೆ ಹೋಗಿತ್ತು. ಜನ ಉಳಿದದ್ದು ಮಾತ್ರ, ಆ ವಿಷಯ ಕೊನೇ ಮನೆಗೂ ಮುಟ್ಟಿ, ಆ ಮನೆಯವರಿಗೆ ಹೋಗೋಕೆ ಒಂದು ಗಟ್ಟಿ ಜಾಗನೂ ಇದ್ದಾಗ.

ನಿಮ್ಮ ಊರು ಕರಾವಳಿಯಲ್ಲಿದ್ರೆ ಕಾಮೆಂಟಲ್ಲಿ ಹೇಳಿ: ಸಮುದ್ರ ಏರಿದ ದಿನ ನಿಮ್ಮೂರಲ್ಲಿ ಬಾಗಿಲು ಬಡಿಯೋರು ಯಾರು? ಹೋಗೋಕೆ ಹೇಳಿರೋ ಕಟ್ಟಡ ಯಾವುದು? ಗೊತ್ತಿಲ್ಲ ಅಂದ್ರೆ ಇವತ್ತೇ ಮನೇಲಿ ಕೇಳಿ ನೋಡಿ. ಎಂಟೂ ಭಾಗ ಸೇವ್ ಮಾಡ್ಕೊಳ್ಳಿ, ಮಳೆಗಾಲದ ನಂತರ ಬೇಕಾಗುತ್ತೆ.

#ಕನ್ನಡದಲ್ಲಿಇತಿಹಾಸ #ಚಂಡಮಾರುತ #ಬಂಗಾಳಕೊಲ್ಲಿ #ಕ್ಲಾಸ್‌ಹೊರಗಿನಪಾಠ